ಸಂಹಿತೆ ಬರುವ ಮುನ್ನ

ವೇತನ ಸಂಹಿತೆಯು 2019ರಲ್ಲಿಯೇ ಸಂಸತ್ತಿನ ಅಂಗೀಕಾರವನ್ನು ಪಡೆದಿದ್ದರೂ, ಉಳಿದ ಮೂರು ಕಾರ್ಮಿಕ ಸಂಹಿತೆಗಳೊಡನೆ ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಈ ದೀರ್ಘಾವಧಿಯಲ್ಲಿ ಪೀಣ್ಯದ ಕೆಲವು ಸಣ್ಣ ಕಾರ್ಖಾನೆಗಳ ಮಾಲೀಕರನ್ನು ಅದಕ್ಕೆ ಅಣಿಗೊಳಿಸುವ ಹೊಣೆ, ಅವರ ಸಂಬಳದ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದ ನನ್ನ ಪಾಲಿಗೆ ಬಂದಿತ್ತು. "ಬಂದಾಗ ನೋಡೋಣ ಬಿಡಿ" ಎಂಬುದೇ ಬಹುಮಂದಿಯ ಉತ್ತರ. ಇಂದು ಬಂತು, ನಾಳೆ ಬಂತು ಎಂಬ ವಾರ್ತೆ ಪದೇಪದೇ ಹುಟ್ಟಿ ಅಡಗುತ್ತಿದ್ದುದರಿಂದ ಅವರನ್ನು ದೂಷಿಸುವಂತೆಯೂ ಇರಲಿಲ್ಲ.

ಕಲಮುಗಳನ್ನು ಎಷ್ಟು ವಿವರಿಸಿದರೂ ಕದಲದ ಮನಸ್ಸು, ಒಬ್ಬನೇ ಒಬ್ಬ ನೌಕರನ ಸಂಬಳದ ಚೀಟಿಯನ್ನು ಮುಂದಿಟ್ಟೊಡನೆ ಎಚ್ಚರಗೊಳ್ಳುವುದನ್ನು ನಾನು ಕಂಡೆನು. ತಿಂಗಳಿಗೆ 40,000 ರೂಪಾಯಿ ಪಡೆಯುವ ಮೇಲ್ವಿಚಾರಕನೊಬ್ಬನಿಗೆ ಮೂಲವೇತನ, ತುಟ್ಟಿಭತ್ಯೆ ಸೇರಿ 16,000, ಮಿಕ್ಕ 24,000 ಮನೆಬಾಡಿಗೆ ಮೊದಲಾದ ಭತ್ಯೆಗಳು ಎನ್ನೋಣ. ಇಂತಹ ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದಷ್ಟನ್ನು ವೇತನಕ್ಕೇ ಸೇರಿಸತಕ್ಕದ್ದೆಂದು ಸಂಹಿತೆ ವಿಧಿಸುವುದರಿಂದ, ಅವನ ವೇತನ 20,000 ಆಗುತ್ತದೆ. ಹತ್ತು ವರ್ಷದ ಸೇವೆಗೆ ಸಲ್ಲುವ ಗ್ರಾಚ್ಯುಟಿ, 92,307 ರೂಪಾಯಿ ಇದ್ದದ್ದು, 1,15,384ಕ್ಕೇರುತ್ತದೆ. "ಇದನ್ನೆಲ್ಲಿಂದ ತರೋದು ಸ್ವಾಮಿ?" ಎಂದು ಮಾಲೀಕರೊಬ್ಬರು ಕೇಳಿದರು. ಪ್ರತಿವರ್ಷವೂ ಅಷ್ಟಷ್ಟು ತೆಗೆದಿಡಿರೆಂದು ಹೇಳಿದೆನಲ್ಲದೆ, ಭತ್ಯೆಗಳನ್ನು ಉಬ್ಬಿಸಿ ಮೂಲವೇತನವನ್ನು ಕುಗ್ಗಿಸಿಟ್ಟ ನಮ್ಮ ಪದ್ಧತಿಯೇ ನೌಕರನ ಮುಪ್ಪಿನ ಆಸರೆಯನ್ನು ಕಿರಿದುಗೊಳಿಸಿತ್ತೆಂಬುದನ್ನೂ ಮುಚ್ಚಿಡಲಿಲ್ಲ.

ನೌಕರರ ಭಯ ಬೇರೆಯಾಗಿತ್ತು: ಪಿ.ಎಫ್. ಕಡಿತ ಹೆಚ್ಚಿ ಕೈಗೆ ಬರುವ ಸಂಬಳ ಇಳಿದೀತೆಂದು. 15,000 ರೂಪಾಯಿಯ ಶಾಸನಬದ್ಧ ಮಿತಿಯ ಮೇಲೆಯೇ ಕಡಿತವಾಗುತ್ತಿದ್ದವರಿಗೆ ಆ ಭಯಕ್ಕೆ ಆಸ್ಪದವಿರಲಿಲ್ಲ. ಆದರೆ ಇದನ್ನು ಸೂಚನಾಫಲಕದ ಕಾಗದಕ್ಕೆ ಬಿಡದೆ, ಪಾಳಿ ಬದಲಾಗುವ ಹೊತ್ತಿನಲ್ಲಿ ಮಾಲೀಕರೇ ನಿಂತು ತಿಳಿಸಿದ ಕಾರ್ಖಾನೆಗಳಲ್ಲಿ ಮಾತ್ರ ಗುಸುಗುಸು ನಿಂತಿತು.

ಎಲ್ಲರೂ ಅಲ್ಪವೆಂದು ಬಗೆದಿದ್ದ ಇನ್ನೊಂದು ನಿಯಮವೇ ನಿಜಕ್ಕೂ ಕಠಿನವಾದುದು. ಕೆಲಸ ಬಿಟ್ಟವನಿಗೂ ಬಿಡಿಸಲ್ಪಟ್ಟವನಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಸಲ್ಲಿಸಬೇಕು. ರಾಜೀನಾಮೆಯಿತ್ತವನ ಲೆಕ್ಕ ಮುಂದಿನ ತಿಂಗಳ ಸಂಬಳದೊಡನೆ ಚುಕ್ತಾ ಆಗುವುದು ನಮ್ಮಲ್ಲಿ ರೂಢಿಯಾಗಿತ್ತು. ಅದಕ್ಕೆ ಮುನ್ನ ಉಗ್ರಾಣದವರು ಉಪಕರಣ ಹಿಂದೆ ಬಂತೆನ್ನಬೇಕಿತ್ತು, ಲೆಕ್ಕದವರು ಮುಂಗಡ ತೀರಿತೆನ್ನಬೇಕಿತ್ತು, ಹಾಜರಿಯವರು ಉಳಿದ ರಜೆಯನ್ನು ಹೇಳಬೇಕಿತ್ತು. ಆದುದರಿಂದ, ಯಾವ ಕಾರ್ಖಾನೆಗೆ ಹೋದರೂ ನಾನು ಮೊದಲು ಕೇಳತೊಡಗಿದ್ದು ಹಿಂದಿನ ವರ್ಷ ಬಿಟ್ಟುಹೋದವರ ಕಡತಗಳನ್ನು; ಯಾರ ಮೇಜಿನ ಮೇಲೆ ಎಷ್ಟು ದಿನ ಅವು ಕುಳಿತಿದ್ದವೆಂಬುದನ್ನು ಮಾಲೀಕರ ಎದುರಿನಲ್ಲಿಯೇ ಗುರುತು ಹಾಕಿಕೊಂಡು, ಅಲ್ಲಿಂದಲೇ ದುರಸ್ತಿಯನ್ನು ಆರಂಭಿಸುತ್ತಿದ್ದೆನು.