ಸೀಸೆಯೊಳಗಿನ ಪ್ರೋಟೀನ್: ಸೇಲಂ–ಧರ್ಮಪುರಿ ಓದುಗರ ಪ್ರಶ್ನೆಗಳು

ಈ ಸಲ ಸೇಲಂ, ಧರ್ಮಪುರಿ ಕಡೆಯ ಕನ್ನಡ ಮನೆಗಳಿಂದ ಬಂದ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಕೇಳಿರುವುದೆಲ್ಲ ಇನ್ಸುಲಿನ್, ಕ್ಯಾನ್ಸರಿನ ಇಂಜೆಕ್ಷನ್, ಹಾವಿನ ಮದ್ದಿನ ಬಗ್ಗೆ. ಮೂರೂ ಪ್ರೋಟೀನ್ ಔಷಧಗಳೇ.

ಪ್ರ: ಮಾತ್ರೆಯಿಂದ ನಮ್ಮ ಅತ್ತೆಯವರ ಶುಗರ್ ಹತೋಟಿಗೆ ಬರುತ್ತಿಲ್ಲ, ಇನ್ಸುಲಿನ್ ಬೇಕು ಅಂದಿದ್ದಾರೆ ಡಾಕ್ಟರು. ಅದನ್ನು ಹಂದಿಯಿಂದ ತೆಗೆಯುತ್ತಾರೆ, ನನಗೆ ಬೇಡ ಎಂದು ಅತ್ತೆ ಹಟ ಹಿಡಿದಿದ್ದಾರೆ. ನಿಜವೇ ಮೇಡಂ?
– ಗೃಹಿಣಿ, ಪಾಲಕ್ಕೋಡು

ಅತ್ತೆಯವರು ಹೇಳುತ್ತಿರುವುದು ಒಂದು ಕಾಲಕ್ಕೆ ನಿಜವೇ ಆಗಿತ್ತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದ ಮೇಲೆ ಸುಮಾರು ಅರವತ್ತು ವರ್ಷ ಜಗತ್ತಿಗೆಲ್ಲ ಅದು ಸಿಗುತ್ತಿದ್ದದ್ದು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ. 1978ರಲ್ಲಿ ಅಮೆರಿಕದ ಜೆನೆಂಟೆಕ್ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಅಂಗಡಿಗೆ ಬಂತು.

ನಮ್ಮ ಪಕ್ಕದಲ್ಲೇ ಇದರ ಇನ್ನೊಂದು ಕತೆಯಿದೆ. ನೀವು ಬೆಂಗಳೂರಿಗೆ ಹೋಗುವ ಹೊಸೂರು ರಸ್ತೆಯ ಆಸುಪಾಸಿನಲ್ಲೇ ಬಯೋಕಾನ್ ಕಾರ್ಖಾನೆಗಳಿವೆ. 1978ರಲ್ಲಿ ಕಿರಣ್ ಮಜುಂದಾರ್ ಶುರು ಮಾಡಿದಾಗ ಆ ಕಂಪನಿ ತಯಾರಿಸುತ್ತಿದ್ದದ್ದು ಪಪ್ಪಾಯಿ ಹಾಲಿನಿಂದ ತೆಗೆದ ಪಪೈನ್‌ನಂಥ ಕಿಣ್ವಗಳನ್ನು. 2004ರಲ್ಲಿ ಅದೇ ಕಂಪನಿ ‘ಇನ್ಸುಜೆನ್’ ಹೆಸರಿನ ಇನ್ಸುಲಿನ್ ತಂದಿತು. ಅದನ್ನು ಮಾಡುವುದು ಪಿಚಿಯಾ ಎಂಬ ಯೀಸ್ಟ್. ದೊಡ್ಡ ಸ್ಟೀಲ್ ತೊಟ್ಟಿಯಲ್ಲಿ ಯೀಸ್ಟನ್ನು ಚೆನ್ನಾಗಿ ಬೆಳೆಸಿ, ಆಮೇಲೆ ಮೆಥನಾಲ್ ಉಣಿಸುತ್ತಾರೆ. ಮೆಥನಾಲ್ ಸಿಕ್ಕಿದ ಕೂಡಲೇ ಸೇರಿಸಿದ ಜೀನು ಚುರುಕಾಗಿ, ಇನ್ಸುಲಿನ್‌ನ ಪೂರ್ವರೂಪವನ್ನು ಯೀಸ್ಟ್ ಹೊರಗಿನ ದ್ರವಕ್ಕೆ ಬಿಡುತ್ತದೆ. ಅದನ್ನು ಕಿಣ್ವದಿಂದ ಕತ್ತರಿಸಿ, ಹಂತಹಂತವಾಗಿ ಶುದ್ಧ ಮಾಡಿ ಸೀಸೆಗೆ ತುಂಬುತ್ತಾರೆ.

ಒಂದು ಮಾತು ಮುಚ್ಚಿಡಬಾರದು. ಹಾಲಿನಂತೆ ಬೆಳ್ಳಗಿರುವ 30/70 ಮಿಶ್ರ ಇನ್ಸುಲಿನ್‌ನಲ್ಲಿ ಅದರ ಕೆಲಸ ನಿಧಾನವಾಗಲೆಂದು ಪ್ರೋಟಮೈನ್ ಎಂಬ ವಸ್ತುವನ್ನು ಬಹಳ ಸ್ವಲ್ಪ ಸೇರಿಸಿರುತ್ತಾರೆ, ಅದರ ಮೂಲ ಮೀನು. ಅತ್ತೆಯವರ ಮನಸ್ಸು ಅದಕ್ಕೂ ಒಪ್ಪದಿದ್ದರೆ ಪ್ರೋಟಮೈನ್ ಇಲ್ಲದ ಗ್ಲಾರ್ಜಿನ್‌ನಂಥ ತಿಳಿ ಇನ್ಸುಲಿನ್ ಇದೆ, ಡಾಕ್ಟರನ್ನು ಕೇಳಿ. ಆದರೆ ಈ ಕಾರಣಕ್ಕೆ ಚಿಕಿತ್ಸೆಯನ್ನೇ ಮುಂದೂಡಬೇಡಿ.

ಪ್ರ: ನಾನು ಮಗ್ಗದ ಕೆಲಸದವನು. ಅಮ್ಮ ದಿನಾ ಇನ್ಸುಲಿನ್ ತಗೋತಾರೆ. ಮನೆಗೆ ಶೀಟ್ ಹೊದಿಸಿದೆ, ಫ್ರಿಜ್ ಇಲ್ಲ. ಬೇಸಿಗೆ ಬಂದರೆ ಡೋಸ್ ತಪ್ಪದಿದ್ದರೂ ಶುಗರ್ ಏರುತ್ತದೆ. ಮದ್ದು ಕೆಡುತ್ತಿದೆಯೇ?
– ಅಮ್ಮಾಪೇಟೆ, ಸೇಲಂ

ಕೆಡುತ್ತಿರುವ ಸಾಧ್ಯತೆ ತುಂಬ ಇದೆ. ಏಪ್ರಿಲ್–ಮೇ ತಿಂಗಳಲ್ಲಿ ನಿಮ್ಮೂರಿನ ಹಗಲಿನ ಬಿಸಿ 40 ಡಿಗ್ರಿ ಹತ್ತಿರ ಹೋಗುತ್ತದೆ, ಶೀಟಿನ ಕೆಳಗೆ ಇನ್ನೂ ಧಗೆ. ಇನ್ಸುಲಿನ್ ಅಂದರೆ 51 ಅಮೈನೋ ಆಮ್ಲಗಳ ಎರಡು ಎಳೆ, ಗೊತ್ತಾದ ರೀತಿಯಲ್ಲೇ ಮಡಚಿಕೊಂಡು ಕೂತಿರಬೇಕು. ನೂಲಿನ ಲಡಿ ಸಿಕ್ಕಾದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ: ನೂಲು ಅದೇ, ತೂಕ ಅದೇ, ಮಗ್ಗಕ್ಕೆ ಮಾತ್ರ ಬಾರದು. ಬಿಸಿಗೆ ಇನ್ಸುಲಿನ್ ಆಗುವುದೂ ಹಾಗೆಯೇ. ಕೆಟ್ಟದ್ದು ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ.

ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ತಂಪು ಬೇಕು. ಬಳಸುತ್ತಿರುವ ಸೀಸೆಯನ್ನು ಸಾಮಾನ್ಯವಾಗಿ 25–30 ಡಿಗ್ರಿಯೊಳಗಿಟ್ಟು ನಾಲ್ಕು ವಾರದಲ್ಲಿ ಮುಗಿಸಬೇಕು. ಫ್ರಿಜ್ ಇಲ್ಲದ ಮನೆಗೆ ಎರಡು ಮಡಕೆಯ ಉಪಾಯ ಒಳ್ಳೆಯದು. ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಬೆಳಿಗ್ಗೆ ಸಂಜೆ ಮರಳನ್ನು ನೆನೆಸಿ. ಸೀಸೆಯನ್ನು ನೀರು ಹೋಗದ ಡಬ್ಬಿಗೆ ಹಾಕಿ ಒಳಮಡಕೆಯಲ್ಲಿಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಗಾಳಿಯಾಡುವ ನೆರಳಲ್ಲಿಟ್ಟರೆ ಒಣಹವೆಯಲ್ಲಿ ಹಲವು ಡಿಗ್ರಿ ಇಳಿಯುತ್ತದೆ. ಮಂಜುಗಡ್ಡೆಗೆ ತಾಗಿಸಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬಾರದು. ಒಮ್ಮೆಗೆ ಒಂದೇ ಸೀಸೆ ಕೊಡಿ ಎಂದು ಆಸ್ಪತ್ರೆಯಲ್ಲಿ ಕೇಳಿ. ಹೊಸ ಸೀಸೆ ಶುರು ಮಾಡಿದ ವಾರವೇ ಶುಗರ್ ಇಳಿದರೆ ತಪ್ಪು ಬಿಸಿಯದ್ದೆಂದು ತಿಳಿಯುತ್ತದೆ. ಅಲ್ಲಿಯವರೆಗೆ ನೀವೇ ಡೋಸ್ ಏರಿಸಬೇಡಿ. ಒಳ್ಳೆಯ ಸೀಸೆ ಕೈಗೆ ಬಂದ ದಿನ ಶುಗರ್ ಒಮ್ಮೆಲೇ ಕುಸಿದೀತು.

‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದು ನಿಮ್ಮ ಕಡೆಯ ಕೃಷ್ಣಗಿರಿಯ ಸಾಮನಪಳ್ಳಿಯಲ್ಲಿ. ಶುಗರ್, ಬಿ.ಪಿ. ಮಾತ್ರೆ ಬಡವರ ಮನೆ ಬಾಗಿಲಿಗೇ ಬರುವುದು ದೊಡ್ಡ ಕೆಲಸ. ಆದರೆ ಇನ್ಸುಲಿನ್ ಮಾತ್ರೆಯಲ್ಲ. ಇಂಥ ಮನೆಗಳಿಗೆ ಸೀಸೆಯ ಜೊತೆ ತಂಪಾಗಿಡುವ ವ್ಯವಸ್ಥೆಯನ್ನೂ ಸರ್ಕಾರವೇ ಕೊಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟು ಜೋಪಾನವಾಗಿ ತಯಾರಾದ ಮದ್ದು ಕೊನೆಯ ಮನೆಯಲ್ಲಿ ಸತ್ತರೆ ಅದು ಯಾರಿಗೆ ಬಂತು?

ಪ್ರ: ಇನ್ಸುಲಿನನ್ನು ಮಾತ್ರೆಯಾಗಿ ಯಾಕೆ ಮಾಡುವುದಿಲ್ಲ?
– ವಿದ್ಯಾರ್ಥಿ, ಓಮಲೂರು

ಹೊಟ್ಟೆಗೆ ಇನ್ಸುಲಿನ್ನೂ ಒಂದೇ, ಬೇಳೆಯ ಪ್ರೋಟೀನೂ ಒಂದೇ, ಎರಡನ್ನೂ ಜೀರ್ಣಿಸಿಬಿಡುತ್ತದೆ. ಅಳಿದುಳಿದದ್ದೂ ಕರುಳಿನ ಗೋಡೆ ದಾಟುವುದು ಕಷ್ಟ. ಬಯೋಕಾನ್ ಮಾಡಿದ ಬಾಯಿಯ ಇನ್ಸುಲಿನ್ 2011ರಲ್ಲಿ ದೊಡ್ಡ ಪ್ರಯೋಗದ ಹಂತದಲ್ಲಿ ಗುರಿ ಮುಟ್ಟಲಿಲ್ಲ. ಓದಿ ಮುಂದೆ ಬನ್ನಿ, ಕೈಹಾಕಬೇಕಾದ ಕೆಲಸವೇ ಇದು.

ಪ್ರ: ಹೆಂಡತಿಗೆ ಸ್ತನ ಕ್ಯಾನ್ಸರ್. ಟ್ರಾಸ್ಟುಜುಮ್ಯಾಬ್ ಬರೆದಿದ್ದಾರೆ. ಕಡಿಮೆ ಬೆಲೆಯದನ್ನು ಕೊಡುತ್ತೇವೆ ಅನ್ನುತ್ತಾರೆ. ನಕಲಿ ಇರಬಹುದೇ ಎಂದು ಭಯ.
– ಆತ್ತೂರು

ನಕಲಿಯಲ್ಲ, ಅದನ್ನು ಬಯೋಸಿಮಿಲರ್ ಅನ್ನುತ್ತಾರೆ. ಟ್ರಾಸ್ಟುಜುಮ್ಯಾಬ್ ಒಂದು ಪ್ರತಿಕಾಯ, ಇನ್ಸುಲಿನ್‌ಗಿಂತ ಇಪ್ಪತ್ತೈದು ಪಟ್ಟು ಭಾರದ ಅಣು. ಯೀಸ್ಟ್ ಬದಲು ಅದನ್ನು ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದಿಂದ ಬಂದ ಜೀವಕೋಶಗಳಲ್ಲಿ ಮಾಡಿಸುತ್ತಾರೆ. ಆ ಕೋಶಗಳು ಪ್ರೋಟೀನಿಗೆ ಅಂಟಿಸುವ ಸಕ್ಕರೆಯ ಸರಪಳಿ ಪ್ರತಿಸಲ ಚೂರು ಬೇರೆಯಾಗುತ್ತದೆ. ಮೂಲ ಕಂಪನಿಯ ಔಷಧದಲ್ಲೂ ಬ್ಯಾಚಿನಿಂದ ಬ್ಯಾಚಿಗೆ ಈ ವ್ಯತ್ಯಾಸ ಇದ್ದದ್ದೇ. ಅದಕ್ಕೇ ‘ತದ್ರೂಪ’ ಎನ್ನದೆ ‘ಸದೃಶ’ ಎನ್ನುವುದು. ರಚನೆ, ಕೆಲಸ, ಅಡ್ಡಪರಿಣಾಮ ಎಲ್ಲವನ್ನೂ ಮೂಲದೊಂದಿಗೆ ಹೋಲಿಸಿ ತೋರಿಸಿದರೆ ಮಾತ್ರ ಅನುಮತಿ. ಭಾರತದಲ್ಲಿ ಇದಕ್ಕೆ 2012ರಿಂದ ನಿಯಮಾವಳಿ ಇದೆ, 2016ರಲ್ಲಿ ಅದನ್ನು ಪರಿಷ್ಕರಿಸಿದರು. ಬಯೋಕಾನ್–ಮೈಲಾನ್ ಸೇರಿ ಮಾಡಿದ ಟ್ರಾಸ್ಟುಜುಮ್ಯಾಬ್ 2014ರಲ್ಲಿ ಇಲ್ಲಿ ಮಾರಾಟಕ್ಕೆ ಬಂತು. 2017ರ ಡಿಸೆಂಬರಿನಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ಕೊಟ್ಟಿತು.

ನೀವು ನೋಡಬೇಕಾದ್ದು ಬೇರೆ. ಹರ್‌2 ಪರೀಕ್ಷೆ ಪಾಸಿಟಿವ್ ಬಂದಿದೆಯೇ? ಈ ಮದ್ದು ಕೆಲಸ ಮಾಡುವುದು ಅಂಥವರಲ್ಲಿ ಮಾತ್ರ. ಹೃದಯದ ಎಕೋ ಮೊದಲು ಒಂದು ಸಲ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ಆಗಬೇಕು. ಬಿಲ್ಲು, ಬ್ಯಾಚ್ ನಂಬರ್ ಜೋಪಾನ. ಸಾಲ ಮಾಡುವ ಮುಂಚೆ ಮುಖ್ಯಮಂತ್ರಿ ವಿಮಾ ಯೋಜನೆಯ ಕೌಂಟರಿನಲ್ಲಿ ವಿಚಾರಿಸಿ.

ಪ್ರ: ಚಿಕ್ಕಪ್ಪನಿಗೆ ಹೊಲದಲ್ಲಿ ಹಾವು ಕಚ್ಚಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಮದ್ದಿನ ಸೀಸೆಯನ್ನು ಅಂಗೈಯಲ್ಲಿ ಮೆಲ್ಲಗೆ ಹೊರಳಿಸುತ್ತಾ ನಿಂತಿದ್ದರು. ಜೋರಾಗಿ ಕುಲುಕಬಾರದೇ ಎಂದು ನಾವು ಕೂಗಾಡಿದೆವು. ಚಿಕ್ಕಪ್ಪ ಉಳಿದರು. ಆದರೂ ಕೇಳುತ್ತಿದ್ದೇನೆ.
– ಪೆನ್ನಾಗರಂ

ಚಿಕ್ಕಪ್ಪ ಉಳಿದದ್ದು ಕೇಳಿ ಸಂತೋಷವಾಯಿತು. ಆ ಮದ್ದು ಕುದುರೆಯ ರಕ್ತದಿಂದ ಬರುವ ಪ್ರತಿಕಾಯ. ಚೆನ್ನೈ–ಮಾಮಲ್ಲಪುರಂ ರಸ್ತೆಯ ವಡನೆಮ್ಮೇಲಿಯಲ್ಲಿ 1978ರಲ್ಲಿ ಹುಟ್ಟಿದ ಇರುಳರ ಸಹಕಾರ ಸಂಘದವರು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷ ತೆಗೆದು ಕಂಪನಿಗಳಿಗೆ ಕೊಡುತ್ತಾರೆ. ಅದನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ, ಫ್ರಿಜ್ ಇಲ್ಲದ ಊರಿಗೂ ತಲುಪಲೆಂದು ಒಣಗಿಸಿ ಪುಡಿ ಮಾಡುತ್ತಾರೆ. ಆ ಪುಡಿಗೆ ನೀರು ಹಾಕಿ ಕುಲುಕಿದರೆ ನೊರೆ ಬರುತ್ತದೆ, ನೊರೆಯಲ್ಲಿ ಪ್ರೋಟೀನ್ ಕೆಡುತ್ತದೆ. ಪುಡಿ ಪೂರ್ತಿ ಕರಗಲು ಕೆಲವು ನಿಮಿಷ ಬೇಕು, ಮೊದಲ ಸುತ್ತಿಗೇ ಹತ್ತರಷ್ಟು ಸೀಸೆ ಬೇಕಾಗುತ್ತದೆ. ನರ್ಸಮ್ಮ ಮಾಡಿದ್ದು ಸರಿ. ಇನ್ನೊಮ್ಮೆ ಇಂಥ ಗಳಿಗೆ ಬಂದರೆ ಕಚ್ಚಿದ ಜಾಗ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕಾಲು ಅಲುಗಾಡದಂತೆ ಮಲಗಿಸಿ ನೇರ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಸೀಸೆ ಹೊರಳಿಸುವವರನ್ನು ಅವರ ಪಾಡಿಗೆ ಬಿಡಿ.