ಕಾರಿನ ಎಂಜಿನ್ನಿಗೆ ತಕ್ಕ ಕೀಲೆಣ್ಣೆ

ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಬಿಟ್ಟು ದೂರದ ಪ್ರಯಾಣಕ್ಕೆ ಹೊರಡುತ್ತಿದ್ದ ಕಾಲದಲ್ಲಿ ಯಾವ ಎಣ್ಣೆ ಉತ್ತಮವೆಂಬ ಚರ್ಚೆಗೆ ಹೆಚ್ಚು ಆಸ್ಪದವಿರಲಿಲ್ಲ. ಅಚ್ಚು ಕಿರುಗುಟ್ಟದಿದ್ದರೆ ಅಷ್ಟೇ ಸಾಕಾಗಿತ್ತು. ಮೋಟಾರು ಯುಗದ ಆರಂಭದಲ್ಲಿ ಪಂದ್ಯದ ಕಾರುಗಳಿಗೂ ವಿಮಾನಗಳಿಗೂ ಇದೇ ಹರಳೆಣ್ಣೆಯನ್ನು ಬಳಸಿದ್ದುಂಟು. ಇಂದಿನ ಕಾರಿನ ಎಂಜಿನ್ ಆ ಬಗೆಯ ಯಂತ್ರವಲ್ಲ. ಅದರೊಳಗೆ ಹರಿಯುವ ಎಣ್ಣೆಯನ್ನು, ಎಂಜಿನ್ನಿನ ಒಂದು ಬಿಡಿಭಾಗವೋ ಎಂಬಂತೆ, ತಯಾರಕರೇ ಅಳೆದು ನಿಗದಿಪಡಿಸಿರುತ್ತಾರೆ. ಆದರೂ ಎಣ್ಣೆ ಬದಲಿಸುವ ದಿನ ಬಂದಾಗ ನಮ್ಮಲ್ಲಿ ಅನೇಕರು ಅಂಗಡಿಯವನ ಮಾತನ್ನೋ ನೆರೆಯವರ ಅನುಭವವನ್ನೋ ನೆಚ್ಚಿಕೊಳ್ಳುವುದೇ ಹೆಚ್ಚು.

ಪುಣೆ ನಗರದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಕಾರಿನಲ್ಲಿ ಹೊರಡುವುದು ವಾಡಿಕೆ. ಕಾತ್ರಜ್ ದಾಟಿ, ಖಂಬಾಟಕಿ ಘಾಟಿಯನ್ನು ಏರಿ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಮಾರ್ಗವಾಗಿ ಸಾಗಬೇಕು. ಹೊರಡುವ ಮುನ್ನ ಎಣ್ಣೆ ಬದಲಿಸಲೆಂದು ಹೋದವರಿಗೆ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: ‘ಬಿಸಿಲು ಜೋರಾಗಿದೆ, ಘಾಟಿ ರಸ್ತೆ ಬೇರೆ, ಗಟ್ಟಿ ಆಯಿಲ್ ಹಾಕಿಸಿರಿ.’ ಕೇಳುವುದಕ್ಕೆ ಈ ಮಾತು ಯುಕ್ತಿಯುಕ್ತವಾಗಿಯೇ ಇದೆ. ಒಂದು ಕಾಲದಲ್ಲಿ ಇದು ನಿಜವೂ ಆಗಿತ್ತು. ಇಂದಿನ ಕಾರುಗಳ ಮಟ್ಟಿಗೆ ಮಾತ್ರ ಇದು ಬಹುಪಾಲು ಸಂದರ್ಭಗಳಲ್ಲಿ ತಪ್ಪು ಸಲಹೆ. ಏಕೆಂಬುದನ್ನು ತಿಳಿಯಬೇಕಾದರೆ ಎಣ್ಣೆಯು ಎಂಜಿನ್ನಿನೊಳಗೆ ಮಾಡುವ ಕೆಲಸವನ್ನು ಮೊದಲು ನೋಡಬೇಕು.

ಎಣ್ಣೆಯ ಕೆಲಸ

ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆಯೆಂದರೆ ಅದರ ಕ್ರ್ಯಾಂಕ್ ದಂಡವು ಸೆಕೆಂಡಿಗೆ 50 ಬಾರಿ ಸುತ್ತುತ್ತಿದೆ ಎಂದರ್ಥ. ಹೀಗೆ ಸುತ್ತುವ ದಂಡವು ಬೇರಿಂಗಿನ ಲೋಹವನ್ನು ಮುಟ್ಟುವುದಿಲ್ಲ, ಮುಟ್ಟಲೂ ಬಾರದು. ಎರಡರ ನಡುವೆ ಎಣ್ಣೆಯ ಒಂದು ತೆಳುಪೊರೆ ಇರುತ್ತದೆ. ಆ ಪೊರೆಯ ದಪ್ಪ ಕೆಲವೇ ಮೈಕ್ರಾನುಗಳು, ಅಂದರೆ ಮಿಲಿಮೀಟರಿನ ಸಾವಿರದ ಕೆಲವು ಭಾಗಗಳು ಮಾತ್ರ. ದಂಡವು ತಿರುಗುವ ವೇಗವೇ ಎಣ್ಣೆಯನ್ನು ಆ ಸಂದಿನೊಳಗೆ ಎಳೆದುಕೊಂಡು ಪೊರೆಯನ್ನು ನಿರ್ಮಿಸುತ್ತದೆ. ಎಣ್ಣೆ ತೀರ ತೆಳುವಾದರೆ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ತೀರ ಮಂದವಾದರೆ ಇಕ್ಕಟ್ಟಾದ ದಾರಿಗಳಲ್ಲಿ ಅದು ತಕ್ಕ ವೇಗದಲ್ಲಿ ಹರಿಯುವುದಿಲ್ಲ, ಮತ್ತು ಅದನ್ನು ಕಲಕುವುದರಲ್ಲಿಯೇ ಎಂಜಿನ್ನಿನ ಶಕ್ತಿಯ ಒಂದಂಶ ವ್ಯರ್ಥವಾಗುತ್ತದೆ.

ಸವೆತವನ್ನು ತಡೆಯುವುದರ ಜೊತೆಗೆ ಎಣ್ಣೆಗೆ ಬೇರೆ ಹೊಣೆಗಳೂ ಇವೆ. ತಂಪುನೀರು ತಲುಪದ ಪಿಸ್ಟನ್, ಬೇರಿಂಗು ಮೊದಲಾದವುಗಳ ಶಾಖವನ್ನು ಅದು ಹೊತ್ತು ತರುತ್ತದೆ, ದಹನದಿಂದ ಹುಟ್ಟುವ ಮಸಿಯನ್ನು ಒಂದೆಡೆ ಗಡ್ಡೆಗಟ್ಟದಂತೆ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಗಳನ್ನು ಶಮನಗೊಳಿಸುತ್ತದೆ. ಈ ಕೆಲಸಗಳಿಗಾಗಿ ಮೂಲ ತೈಲಕ್ಕೆ ಹಲವು ಬಗೆಯ ರಾಸಾಯನಿಕಗಳನ್ನು ಬೆರೆಸಲಾಗಿರುತ್ತದೆ. ಡೀಸೆಲ್ ಕಾರಿನಲ್ಲಿ ಹೊಸ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾಗುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಮಸಿಯನ್ನು ಹಿಡಿದಿಡುವ ಕೆಲಸ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಅದು ಗುರುತೇ ಹೊರತು ಎಣ್ಣೆ ಕೆಟ್ಟಿತೆಂಬುದಕ್ಕಲ್ಲ. ಬೆರಳುಗಳ ನಡುವೆ ಎಣ್ಣೆಯನ್ನು ಉಜ್ಜಿ ‘ಸತ್ವ ಹೋಗಿದೆ’ ಎಂದು ತೀರ್ಪು ಕೊಡುವ ಪದ್ಧತಿಗೂ ಯಾವ ಆಧಾರವಿಲ್ಲ.

ಡಬ್ಬಿಯ ಮೇಲಿನ ಅಂಕಿಗಳು

ದ್ರವವೊಂದು ಹರಿಯಲು ತೋರುವ ಪ್ರತಿರೋಧಕ್ಕೆ ಸ್ನಿಗ್ಧತೆ ಎಂದು ಹೆಸರು. ಜೇನು ನಿಧಾನವಾಗಿ ಇಳಿಯುತ್ತದೆ, ನೀರು ಬೇಗ ಇಳಿಯುತ್ತದೆ. ಜೇನಿನ ಸ್ನಿಗ್ಧತೆ ಹೆಚ್ಚು. ಎಣ್ಣೆ ಕಾದಷ್ಟೂ ಅದರ ಸ್ನಿಗ್ಧತೆ ಇಳಿಯುತ್ತದೆ. ಅಮೆರಿಕದ ಎಸ್.ಎ.ಇ. ಎಂಬ ಎಂಜಿನಿಯರುಗಳ ಸಂಸ್ಥೆಯು 1911ರಲ್ಲಿ ಎಂಜಿನ್ ತೈಲಗಳನ್ನು ಸ್ನಿಗ್ಧತೆಗೆ ಅನುಗುಣವಾಗಿ ವರ್ಗೀಕರಿಸಿತು. ಪರಿಷ್ಕಾರಗಳನ್ನು ಹೊಂದುತ್ತ ಬಂದಿರುವ ಆ ವರ್ಗೀಕರಣವೇ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

5ಡಬ್ಲ್ಯು-30 ಎಂಬ ಗುರುತನ್ನು ನೋಡಿರಿ. ಕೊನೆಯ ಅಂಕಿಯಾದ 30, ಎಣ್ಣೆ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಎಷ್ಟು ಮಂದವಾಗಿರುತ್ತದೆ ಎಂಬುದನ್ನು ಹೇಳುತ್ತದೆ. 30ರ ದರ್ಜೆಯ ಎಣ್ಣೆಗೆ ಆ ಉಷ್ಣಾಂಶದಲ್ಲಿ 9.3ರಿಂದ 12.5 ಸೆಂಟಿಸ್ಟೋಕ್‌ಗಳವರೆಗೆ ಸ್ನಿಗ್ಧತೆ ಇರಬೇಕು. 40ರ ದರ್ಜೆಗೆ 12.5ರಿಂದ 16.3ರವರೆಗೆ. ಡಬ್ಲ್ಯು ಎಂಬ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಎಣ್ಣೆ ತಣ್ಣಗಿರುವಾಗ ಸುಲಭವಾಗಿ ಹರಿಯುತ್ತದೆ. 5ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೂ, 15ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೂ ಪರೀಕ್ಷಿಸುತ್ತಾರೆ. ಪುಣೆಯಲ್ಲಿ ಅಂತಹ ಚಳಿ ಎಂದೂ ಇಲ್ಲ. ಡಿಸೆಂಬರ್-ಜನವರಿಯ ಮುಂಜಾವಿನಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದರೆ ಅದೇ ಹೆಚ್ಚು. ಹಾಗಾದರೆ ಈ ಅಂಕಿ ನಮಗೆ ಅನಗತ್ಯವೇ ಎಂದು ಕೇಳಬಹುದು. ಅನಗತ್ಯವಲ್ಲ. ರಾತ್ರಿಯಿಡೀ ನಿಂತ ಎಂಜಿನ್ನನ್ನು ಬೆಳಿಗ್ಗೆ ಚಾಲೂ ಮಾಡಿದ ಕ್ಷಣದಲ್ಲಿ ಎಣ್ಣೆ ತಳದ ತೊಟ್ಟಿಯಿಂದ ಮೇಲಿನ ಕವಾಟಗಳವರೆಗೆ ಏರಬೇಕು. ಅದು ತಲುಪುವವರೆಗೆ ಆ ಭಾಗಗಳು ಅಳಿದುಳಿದ ಎಣ್ಣೆಯ ಮೇಲೆಯೇ ಉಜ್ಜುತ್ತಿರುತ್ತವೆ.

ಬಿಸಿಲಿಗೂ ಎಣ್ಣೆಗೂ ಇರುವ ಸಂಬಂಧ

ಈಗ ‘ಗಟ್ಟಿ ಆಯಿಲ್’ ಸಲಹೆಗೆ ಮರಳಬಹುದು. ಏಪ್ರಿಲ್-ಮೇ ತಿಂಗಳುಗಳಲ್ಲಿ ಪುಣೆಯ ಉಷ್ಣಾಂಶ 40 ಡಿಗ್ರಿಯನ್ನು ದಾಟುವ ದಿನಗಳಿವೆ. ಹೊರಗಿನ ಗಾಳಿಯ ಮಟ್ಟಿಗೆ ಇದು ಬಲು ದೊಡ್ಡ ವ್ಯತ್ಯಾಸ. ಎಂಜಿನ್ನಿನೊಳಗೆ ಮಾತ್ರ ಇದರ ಪರಿಣಾಮ ಅಷ್ಟಾಗಿ ತಲುಪುವುದಿಲ್ಲ. ಥರ್ಮೋಸ್ಟಾಟ್ ಎಂಬ ಕವಾಟವು ತಂಪುನೀರಿನ ಹರಿವನ್ನು ನಿಯಂತ್ರಿಸಿ, ಡಿಸೆಂಬರಿನಲ್ಲಿಯೂ ಮೇ ತಿಂಗಳಲ್ಲಿಯೂ ಅದನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿಯೇ ಇರಿಸುತ್ತದೆ. ಎಣ್ಣೆಯೂ ಸಾಮಾನ್ಯ ಚಾಲನೆಯಲ್ಲಿ 90ರಿಂದ 110 ಡಿಗ್ರಿಯ ನಡುವೆ ಇರುತ್ತದೆ. ಯುರೋಪಿನ ಹೆದ್ದಾರಿಯಲ್ಲಿ ಓಡುವ ಕಾರಿನ ಎಣ್ಣೆಯೂ ಹೆಚ್ಚುಕಡಿಮೆ ಇಷ್ಟೇ ಕಾಯುತ್ತದೆ. ಉಷ್ಣ ದೇಶವೆಂಬ ಒಂದೇ ಕಾರಣಕ್ಕೆ ಮಂದ ಎಣ್ಣೆ ಬೇಕೆನ್ನುವ ವಾದ ಇಲ್ಲಿಗೆ ಸಡಿಲಗೊಳ್ಳುತ್ತದೆ.

ಈ ನಂಬಿಕೆ ಹುಟ್ಟಿದ್ದಾದರೂ ಹೇಗೆ? ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದ ಎಂಜಿನ್ನುಗಳಲ್ಲಿ ಭಾಗಗಳ ನಡುವಣ ಸಂದು ಹೆಚ್ಚಾಗಿತ್ತು. ಅಂದು 20ಡಬ್ಲ್ಯು-40 ಸಾಮಾನ್ಯ ಬಳಕೆಯ ಎಣ್ಣೆ. ಅದನ್ನು ಸುರಿದು ಬೆಳೆದ ಮೆಕ್ಯಾನಿಕರ ಕೈ ಇಂದಿಗೂ ಅದೇ ಡಬ್ಬಿಯತ್ತ ಚಾಚುತ್ತದೆ, ಅವರನ್ನು ದೂರುವಂತಿಲ್ಲ. ಬದಲಾದದ್ದು ಎಂಜಿನ್. ಸಂದುಗಳು ಕಿರಿದಾಗಿವೆ. ಅನೇಕ ಎಂಜಿನ್ನುಗಳಲ್ಲಿ ಕವಾಟಗಳ ಕಾಲವನ್ನು ಹಿಂದುಮುಂದು ಮಾಡುವ ಸಾಧನವು ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. ಇತ್ತೀಚಿನ ಹಲವು ಪೆಟ್ರೋಲ್ ಕಾರುಗಳಿಗೆ 0ಡಬ್ಲ್ಯು-20, ಕೆಲವಕ್ಕೆ ಅದಕ್ಕಿಂತಲೂ ತೆಳುವಾದ 0ಡಬ್ಲ್ಯು-16 ಎಣ್ಣೆ ನಿಗದಿಯಾಗಿದೆ. ಅಂತಹ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಅದಕ್ಕೆ ಹೆಚ್ಚಿನ ರಕ್ಷಣೆ ದೊರೆಯುವುದಿಲ್ಲ. ಎಣ್ಣೆ ತಲುಪುವುದು ತಡವಾಗುತ್ತದೆ, ಇಂಧನದ ಖರ್ಚೂ ಏರುತ್ತದೆ.

ಪುಣೆಯ ಕೋಥರೂಡ್ ಬಳಿಯ ಗುಡ್ಡದ ಮೇಲೆ 1966ರಲ್ಲಿ ಸ್ಥಾಪಿತವಾದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ, ಅಂದರೆ ಜಾಹೀರಾತುಗಳಲ್ಲಿ ಕಾಣುವ ಎ.ಆರ್.ಎ.ಐ. ಸಂಸ್ಥೆ ಇದೆ. ಹೊಸ ಮಾದರಿಯ ವಾಹನಗಳ ಹೊಗೆ ಮತ್ತು ಇಂಧನ ಬಳಕೆಯನ್ನು ಇಲ್ಲಿ ಪರೀಕ್ಷಿಸುತ್ತಾರೆ. ಇಂತಹ ಪರೀಕ್ಷೆಗೆ ಬರುವ ವಾಹನದಲ್ಲಿ ಇರುವುದು ತಯಾರಕರು ನಮೂದಿಸಿದ ಎಣ್ಣೆಯೇ. ಬೇರೆ ಎಣ್ಣೆ ಹಾಕಿಸಿಕೊಂಡು ‘ಹೇಳಿದಷ್ಟು ಮೈಲೇಜು ಬರುತ್ತಿಲ್ಲ’ ಎಂದು ಕೊರಗುವವರು ಈ ಅಂಶವನ್ನೂ ಗಮನಿಸುವುದು ಒಳಿತು.

ಘಾಟಿ ರಸ್ತೆಯ ಮಾತು ಸ್ವಲ್ಪ ಬೇರೆ. ಐದು ಜನ, ಮೇಲೆ ಸಾಮಾನು, ಏರುದಾರಿ, ಎರಡನೆಯ ಗೇರು: ಆಗ ಎಣ್ಣೆ ನಿಜವಾಗಿಯೂ ಹೆಚ್ಚು ಕಾಯುತ್ತದೆ. ಕೆಲವು ಕಾರುಗಳ ಕೈಪಿಡಿಗಳಲ್ಲಿ ಒಂದಕ್ಕಿಂತ ಹೆಚ್ಚು ದರ್ಜೆಗಳಿಗೆ ಅನುಮತಿ ಇದ್ದು, ಹವೆಗೆ ಅನುಗುಣವಾದ ಕೋಷ್ಟಕವನ್ನು ಕೊಟ್ಟಿರುತ್ತಾರೆ. 30 ಮತ್ತು 40 ಎರಡಕ್ಕೂ ಅಲ್ಲಿ ಸ್ಥಾನವಿದ್ದರೆ, ಭಾರ ಹೊತ್ತು ಪದೇ ಪದೇ ಘಾಟಿ ಹತ್ತುವವರು 40ನ್ನು ಆರಿಸುವುದರಲ್ಲಿ ಅರ್ಥವಿದೆ. ಕೋಷ್ಟಕದಲ್ಲಿಲ್ಲದ ದರ್ಜೆಗೆ ಹೋಗುವುದರಲ್ಲಿ ಅರ್ಥವಿಲ್ಲ. ಹಳೆಯ ಕಾರು ಎಣ್ಣೆ ಕುಡಿಯುತ್ತಿದೆಯೆಂದು ಮಂದ ಎಣ್ಣೆ ಹಾಕಿಸುವುದೂ ಉಂಟು. ಇದರಿಂದ ರೋಗ ಕೆಲಕಾಲ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ಸ್ನಿಗ್ಧತೆಯೊಂದೇ ಸಾಲದು

ಒಂದೇ 5ಡಬ್ಲ್ಯು-30 ಗುರುತಿನ ಎರಡು ಡಬ್ಬಿಗಳು ಗುಣದಲ್ಲಿ ಬಹಳ ಭಿನ್ನವಾಗಿರಬಹುದು. ಆದ್ದರಿಂದ ಎರಡನೆಯ ಗುರುತನ್ನೂ ಓದಬೇಕು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎ.ಪಿ.ಐ., ಪೆಟ್ರೋಲ್ ಎಂಜಿನ್ನುಗಳ ಎಣ್ಣೆಗೆ ‘ಎಸ್’ ಎಂದು ಆರಂಭವಾಗುವ ಗುರುತನ್ನು ಕೊಡುತ್ತದೆ. 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ ಜಾರಿಗೆ ಬಂದವು. ಎರಡನೆಯ ಅಕ್ಷರ ಮುಂದೆ ಹೋದಂತೆ ಎಣ್ಣೆ ಹೊಸ ಕಾಲದ್ದು. ಹಳೆಯ ಗುರುತು ಕೇಳುವ ಪೆಟ್ರೋಲ್ ಕಾರಿಗೆ ಹೊಸದನ್ನು ಸಾಮಾನ್ಯವಾಗಿ ಬಳಸಬಹುದು, ತಿರುಗುಮುರುಗು ಸಲ್ಲದು. ಚಿಕ್ಕ ಟರ್ಬೋ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಧನ ಕಾಲಕ್ಕೆ ಮುನ್ನವೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವಿದೆ. ಅದನ್ನು ತಗ್ಗಿಸುವ ಗುಣ ಎಸ್‌ಪಿ ಎಣ್ಣೆಗಿದೆ. ಯುರೋಪಿನ ತಯಾರಕರು ‘ಎ.ಸಿ.ಇ.ಎ.’ ಗುರುತನ್ನು ಕೇಳುತ್ತಾರೆ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 13656 ಎಂಬ ಮಾನಕವೂ ಇದೆ.

ಈ ಎರಡನೆಯ ಗುರುತನ್ನು ಅಲಕ್ಷಿಸಿದವರು ದೊಡ್ಡ ಬೆಲೆ ತೆರುವುದು ಬಿಎಸ್-6 ಡೀಸೆಲ್ ಕಾರಿನಲ್ಲಿ. ಬಿಎಸ್-6 ಹೊಗೆ ಮಿತಿಗಳು ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅಂದಿನಿಂದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಶೋಧಕ, ಅಂದರೆ ಡಿ.ಪಿ.ಎಫ್. ಇರುತ್ತದೆ. ಅದರಲ್ಲಿ ಸೇರುವ ಮಸಿಯನ್ನು ಎಂಜಿನ್ ಆಗಾಗ್ಗೆ ಸುಟ್ಟು ತೆಗೆಯುತ್ತದೆ. ಆದರೆ ಎಣ್ಣೆಯ ಲೋಹಾಂಶಗಳು ಉರಿದು ಉಳಿಯುವ ಬೂದಿ ಸುಡುವಂಥದ್ದಲ್ಲ. ಅದು ಶೋಧಕದ ರಂಧ್ರಗಳಲ್ಲಿಯೇ ಶಾಶ್ವತವಾಗಿ ನಿಲ್ಲುತ್ತದೆ. ಈ ಕಾರಣದಿಂದ ಇಂತಹ ಕಾರುಗಳಿಗೆ ಅಲ್ಪ ಬೂದಿಯ ಎಣ್ಣೆ ಬೇಕು. ಎ.ಸಿ.ಇ.ಎ. ಸಿ3 ಗುರುತಿನ ಎಣ್ಣೆಯಲ್ಲಿ ಬೂದಿಯ ಪ್ರಮಾಣ ಶೇಕಡಾ 0.8ನ್ನು ಮೀರುವಂತಿಲ್ಲ. ಹಳೆಯ ಡೀಸೆಲ್ ಎಣ್ಣೆಯನ್ನು ಸುರಿದು ಉಳಿಸುವುದು ಕೆಲವು ನೂರು ರೂಪಾಯಿ. ಶೋಧಕ ಕಟ್ಟಿಕೊಂಡರೆ ಅದನ್ನು ಬದಲಿಸುವ ವೆಚ್ಚ ಮಧ್ಯಮ ವರ್ಗದ ಕುಟುಂಬದ ತಿಂಗಳ ಲೆಕ್ಕವನ್ನೇ ಬುಡಮೇಲು ಮಾಡಬಲ್ಲುದು.

ಸ್ಕೂಟರು, ಬೈಕುಗಳು ಹೇರಳವಾಗಿರುವ ಪುಣೆಯಂತಹ ಊರಿನಲ್ಲಿ ಮನೆಯಲ್ಲಿ ಉಳಿದ ಡಬ್ಬಿಯನ್ನು ಎರಡೂ ವಾಹನಗಳಿಗೆ ಹಂಚುವ ಆಸೆ ಹುಟ್ಟುವುದು ಸಹಜ. ಬಹುತೇಕ ಬೈಕುಗಳಲ್ಲಿ ಕ್ಲಚ್ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಕಾರಿನ ಎಣ್ಣೆಯಲ್ಲಿ ಘರ್ಷಣೆ ತಗ್ಗಿಸುವ ದ್ರವ್ಯಗಳಿರುವುದರಿಂದ ಆ ಕ್ಲಚ್ ಜಾರತೊಡಗುತ್ತದೆ. ಬೈಕಿಗೆ ‘ಜಾಸೋ ಎಂಎ’ ಗುರುತಿನ ಎಣ್ಣೆಯೇ ಬೇಕು.

ಸಂಶ್ಲೇಷಿತ, ಅಂದರೆ ಸಿಂಥೆಟಿಕ್ ಎಣ್ಣೆ ಹೆಚ್ಚಿನ ಶಾಖವನ್ನು ತಾಳುತ್ತದೆ, ನಿಧಾನವಾಗಿ ಹಳಸುತ್ತದೆ. ಕೈಪಿಡಿ ಅದನ್ನು ಕೇಳಿದ್ದರೆ ಹಾಕಿಸಲೇಬೇಕು; ಕೇಳದಿದ್ದರೆ ದುಬಾರಿ ಎಂಬುದಷ್ಟೇ ಅದರ ಅರ್ಹತೆಯಲ್ಲ. ಎಣ್ಣೆಗೆ ಬೆರೆಸಲೆಂದು ಪ್ರತ್ಯೇಕವಾಗಿ ಮಾರುವ ಪುಟ್ಟ ಬಾಟಲಿಗಳನ್ನು ಕೊಳ್ಳುವ ಅಗತ್ಯವಿಲ್ಲ.

ಕೊಳ್ಳುವಾಗ ಮತ್ತು ಬದಲಿಸುವಾಗ

ಕೈಪಿಡಿಯ ಎಣ್ಣೆಯ ಪುಟವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದು ಮೇಲು: ಸ್ನಿಗ್ಧತೆಯ ದರ್ಜೆ, ಗುಣಮಟ್ಟದ ಗುರುತು, ಬೇಕಾದ ಲೀಟರು. ಈ ಮೂರು ಹೊಂದಿದರೆ ಯಾವ ಪ್ರತಿಷ್ಠಿತ ಕಂಪನಿಯ ಎಣ್ಣೆಯಾದರೂ ಆಗಬಹುದು. ಬಿಡಿಯಾಗಿ ಅಳೆದು ಕೊಡುವ ಎಣ್ಣೆ ಬೇಡ. ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಗಳಲ್ಲಿಯೇ ಇರಲಿ, ಹೆದ್ದಾರಿಯ ಬದಿಯಲ್ಲಿಯೇ ಇರಲಿ, ಮುಚ್ಚಳದ ಮುದ್ರೆಯನ್ನೂ ತಯಾರಿಕೆಯ ತಿಂಗಳನ್ನೂ ನೋಡಿ, ರಸೀದಿ ಪಡೆಯಬೇಕು. ಖಾಲಿ ಡಬ್ಬಿಗೆ ತೂತು ಮಾಡಿಯೇ ಎಸೆಯಬೇಕು. ಇಲ್ಲವಾದರೆ ಅದು ನಕಲಿ ಎಣ್ಣೆ ತುಂಬಿಕೊಂಡು ಮರಳಿ ಬರಬಹುದು.

ಅನೇಕ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು ಬದಲಿಸುವ ಅವಧಿ. ಮಕ್ಕಳ ಶಾಲೆ, ತರಕಾರಿ ಮಾರುಕಟ್ಟೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಎಣ್ಣೆ ಪೂರ್ತಿ ಕಾಯುವುದೇ ಇಲ್ಲ. ಅದರಲ್ಲಿ ಸೇರಿದ ನೀರು, ಇಂಧನ ಆವಿಯಾಗದೆ ಉಳಿಯುತ್ತವೆ. ಓಡಿದ್ದು ಕಡಿಮೆ ಎಂದು ವರ್ಷ ದಾಟಿಸುವುದು ಇಂತಹ ಕಾರಿಗೇ ಹೆಚ್ಚು ಹಾನಿಕರ.

ಪ್ರಯಾಣದ ಹಿಂದಿನ ದಿನ ಸಮತಟ್ಟಾದ ನೆಲದಲ್ಲಿ ಎಂಜಿನ್ ನಿಲ್ಲಿಸಿ, ಕೆಲವು ನಿಮಿಷ ತಡೆದು ಅಳತೆ ಕಡ್ಡಿಯನ್ನು ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿದರೆ ಕ್ರ್ಯಾಂಕ್ ದಂಡವು ಅದನ್ನು ಕಡೆದು ನೊರೆಯೆಬ್ಬಿಸುತ್ತದೆ. ಡೀಸೆಲ್ ಕಾರಿನಲ್ಲಿ ಮಟ್ಟ ತಾನಾಗಿ ಏರುತ್ತಿದ್ದರೆ, ಶೋಧಕವನ್ನು ಸುಡುವ ಯತ್ನ ಅರ್ಧಕ್ಕೆ ನಿಂತು ಡೀಸೆಲ್ ಎಣ್ಣೆಗೆ ಸೇರುತ್ತಿರುವ ಸಾಧ್ಯತೆ ಇದೆ, ತಡಮಾಡದೆ ತೋರಿಸಬೇಕು. ಕೆಂಪು ಎಣ್ಣೆ ದೀಪ ಹೊತ್ತಿದರೆ ಎಣ್ಣೆಯ ಒತ್ತಡ ಕುಸಿದಿದೆಯೆಂದು ತಿಳಿಯಬೇಕು. ಘಾಟಿಯ ನಡುವೆಯೇ ಆದರೂ ಸುರಕ್ಷಿತ ಜಾಗ ಕಂಡೊಡನೆ ಎಂಜಿನ್ ಆರಿಸಬೇಕು. ‘ಮುಂದಿನ ಊರಿನವರೆಗೆ’ ಎಂದು ಓಡಿಸಿದರೆ ಬೇರಿಂಗುಗಳು ಕಚ್ಚಿಕೊಂಡು ಎಂಜಿನ್ನೇ ಕೈಬಿಡಬಹುದು.

ಹಳೆಯ ಎಣ್ಣೆಯ ವಿಲೇವಾರಿಯನ್ನೂ ಇಲ್ಲಿ ಹೇಳಬೇಕಾಗಿದೆ. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳೂ ಸೇರಿರುತ್ತವೆ. ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯುವುದೂ ಒಲೆಗೆ ಸುರಿಯುವುದೂ ಸಲ್ಲದು. ಪುಣೆಯ ಚರಂಡಿಗೆ ಚೆಲ್ಲಿದ ಎಣ್ಣೆ ಮುಳಾ-ಮುಠಾ ನದಿಗೆ ಇಳಿಯುತ್ತದೆ. ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಅದೇ ಭೀಮೆ ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ನೀರುಣಿಸುತ್ತ ಕೃಷ್ಣೆಯತ್ತ ಹರಿಯುತ್ತದೆ. ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮಗಳು ಗುರುತಿಸಿವೆ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆಯನ್ನು ಎಣ್ಣೆ ಉತ್ಪಾದಕರ ಮೇಲೂ ಹೊರಿಸಲಾಗಿದೆ. ಮನೆಯಲ್ಲಿಯೇ ಎಣ್ಣೆ ಬದಲಿಸುವವರು ಹಳೆಯದನ್ನು ನೀರು, ಪೆಟ್ರೋಲು ಬೆರೆಸದೆ ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ, ಅದನ್ನು ನೋಂದಾಯಿತ ಮರುಸಂಸ್ಕರಣಕಾರರಿಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ಸೋಸಿ ತೆಗೆದ ಹಳೆಯ ಫಿಲ್ಟರನ್ನೂ ಅದರೊಡನೆಯೇ ಕೊಡಬೇಕು.