ಕಯಾಕ್ ಕೊಳ್ಳುವ ಮುನ್ನ

ಹೊನ್ನಾವರದ ಬಳಿ ಶರಾವತಿಯ ಹಿನ್ನೀರಿನಲ್ಲಿಯೂ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಕಾಂಡ್ಲಾವನಗಳ ನಡುವೆಯೂ ಈಚಿನ ವರ್ಷಗಳಲ್ಲಿ ಕಯಾಕ್ ಎಂಬ ಕಿರುದೋಣಿ ಜನರಿಗೆ ಪರಿಚಿತವಾಗಿದೆ. ಇದರಲ್ಲಿ ಕುಳಿತು ಗಾಳ ಹಾಕಬೇಕೆಂಬ ಆಸೆಯುಳ್ಳ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಒಂದೇ: "ಮಗುಚದ ಕಯಾಕ್ ಯಾವುದು?" ಅಂಥದು ಯಾವುದೂ ಇಲ್ಲ. ಏಕೆ ಇಲ್ಲವೆಂಬುದನ್ನು ಅರಿತವನಿಗೆ ಕೊಳ್ಳಬೇಕಾದುದು ಯಾವುದೆಂಬುದೂ ತಾನಾಗಿಯೇ ಹೊಳೆಯುತ್ತದೆ. ಇದಕ್ಕೆ ಬೇಕಾದ ಭೌತಶಾಸ್ತ್ರವು ತರಗತಿಯಲ್ಲಿ ಕಲಿತುದಕ್ಕಿಂತ ಹೆಚ್ಚೇನೂ ಇಲ್ಲ.

ಕಯಾಕಿನ ತವರು ಉತ್ತರಧ್ರುವದ ನೆರೆಯ ಹಿಮಪ್ರದೇಶ. ಅಲ್ಲಿನ ಇನ್ಯೂಟ್ ಜನರು ಕಡಲು ತಂದೊಗೆದ ಮರ ಅಥವಾ ತಿಮಿಂಗಿಲದ ಎಲುಬುಗಳಿಂದ ಹಂದರ ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಬೇಟೆಗಾಗಿ ಇದನ್ನು ರಚಿಸಿದರು. ಅದು ಬಹು ಕಿರಿದು. ಮಗುಚಿದರೆ ಒಳಗೆ ಕುಳಿತಿದ್ದಂತೆಯೇ ಉರುಳಿ ಮೇಲೇಳುವುದನ್ನು ಅವರು ಬಲ್ಲವರಾಗಿದ್ದರು. ಇಂದು ಮೀನು ಹಿಡಿಯುವವರು ಬಳಸುವುದು ಬಹುಮಟ್ಟಿಗೆ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ, ಅಗಲವಾದ ಕಯಾಕು. ಎರಡು ತುದಿಗೂ ಅಲಗುಳ್ಳ ಒಂದೇ ಹುಟ್ಟು ಮಾತ್ರ ಹಳೆಯದೇ.

ತೇಲುವಿಕೆಯ ಲೆಕ್ಕ

ಕಯಾಕಿನ ತೂಕ 30 ಕಿಲೋಗ್ರಾಂ, ಕುಳಿತವನದು 65, ಗಾಳ, ನೀರು, ಬುತ್ತಿ ಮೊದಲಾದುವು 10 ಎಂದಿಟ್ಟುಕೊಳ್ಳೋಣ. ಒಟ್ಟು 105. ಆರ್ಕಿಮಿಡೀಸನ ತತ್ತ್ವದಂತೆ ಅದು ಇಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸಬೇಕು; ಸಮುದ್ರದ ನೀರಿನಲ್ಲಿ ಇದು ಸುಮಾರು 102 ಲೀಟರು. ನೀರನ್ನು ಮುಟ್ಟುವ ಹರವು 1.75 ಚದರ ಮೀಟರಾದರೆ ದೋಣಿ ಸರಾಸರಿ 6 ಸೆಂಟಿಮೀಟರು ಮಾತ್ರ ಮುಳುಗುತ್ತದೆ. ಎಂದರೆ ಮಗುಚುವ ದೋಣಿ ಮುಳುಗುವ ದೋಣಿಯಲ್ಲ. ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ.

ನೆಟ್ಟಗೆ ನಿಲ್ಲಿಸುವುದು ಯಾವುದು? ಭಾರವು ಗುರುತ್ವಕೇಂದ್ರದ ಮೂಲಕ ಕೆಳಕ್ಕೂ, ನೀರಿನ ಒತ್ತು ಮುಳುಗಿದ ಭಾಗದ ಕೇಂದ್ರದ ಮೂಲಕ ಮೇಲಕ್ಕೂ ವರ್ತಿಸುತ್ತವೆ. ದೋಣಿ ಓರೆಯಾದಾಗ ಮುಳುಗಿದ ಭಾಗದ ಆಕಾರ ಬದಲಾಗಿ, ಅದರ ಕೇಂದ್ರವು ತಗ್ಗಿದ ಕಡೆಗೆ ಸರಿಯುತ್ತದೆ. ಆಗ ಎರಡು ಬಲಗಳೂ ಸೇರಿ ದೋಣಿಯನ್ನು ಮರಳಿ ನೇರಗೊಳಿಸುತ್ತವೆ. ನೀರಿನ ಒತ್ತಿನ ರೇಖೆಯು ದೋಣಿಯ ನಡುರೇಖೆಯನ್ನು ಸಂಧಿಸುವ ಬಿಂದುವಿಗೆ ಫ್ರಾನ್ಸಿನ ಪಿಯೆರ್ ಬೂಗೇ 1746ರಲ್ಲಿ ಮೆಟಾಸೆಂಟರ್ ಎಂದು ಹೆಸರಿಟ್ಟನು. ಗುರುತ್ವಕೇಂದ್ರವು ಈ ಬಿಂದುವಿಗಿಂತ ಕೆಳಗಿರುವವರೆಗೆ ದೋಣಿ ಸ್ಥಿರ. ಮೇಲೇರಿತೆಂದರೆ ಮಗುಚುವುದು ನಿಶ್ಚಯ.

ಮುಳುಗಿದ ಭಾಗದ ಕೇಂದ್ರದಿಂದ ಈ ಬಿಂದುವಿನ ಎತ್ತರವು ಅಗಲದ ಘನವನ್ನು ಅನುಸರಿಸುತ್ತದೆ. ಉಳಿದುದೆಲ್ಲ ಸಮವಾಗಿದ್ದು ಅಗಲ ಮಾತ್ರ 70ರಿಂದ 80 ಸೆಂಟಿಮೀಟರಿಗೆ ಹೆಚ್ಚಿದರೆ ಆ ಎತ್ತರ ಸುಮಾರು ಒಂದೂವರೆ ಪಟ್ಟಾಗುತ್ತದೆ. ಇತ್ತ ಆಸನವನ್ನು 10 ಸೆಂಟಿಮೀಟರು ಏರಿಸಿದರೆ ಒಟ್ಟು ಗುರುತ್ವಕೇಂದ್ರ 6 ಸೆಂಟಿಮೀಟರು ಏರುತ್ತದೆ. ಎದ್ದು ನಿಂತರಂತೂ ಹೇಳಬೇಕಾದುದಿಲ್ಲ. ಆದುದರಿಂದ ಹೊಸಬನಿಗೆ ಅಗಲವಾದ ದೋಣಿ, ತಗ್ಗಾದ ಆಸನ ಒಳ್ಳೆಯದು.

ಅಗಲಕ್ಕೂ ಒಂದು ಬೆಲೆ

ಹಾಗಾದರೆ ಒಂದು ಮೀಟರು ಅಗಲದ್ದನ್ನೇ ಕೊಳ್ಳಬಾರದೇಕೆ? ಮೊದಲನೆಯದಾಗಿ, ಅಗಲವಾದ ದೋಣಿಯು ನೀರಿನ ಮೇಲ್ಮೈಗೆ ಸಮಾನಾಂತರವಾಗಿರಲು ಹವಣಿಸುತ್ತದೆ. ತಿಳಿನೀರಿನಲ್ಲಿ ಇದು ಗುಣ. ಕಡಿದಾದ ಅಲೆ ಪಕ್ಕದಿಂದ ಬಂದಾಗ ಇದೇ ದೋಷ, ಏಕೆಂದರೆ ಅಲೆಯ ಇಳಿಜಾರಿನೊಡನೆ ದೋಣಿಯೂ ವಾಲುತ್ತದೆ. ಎರಡನೆಯದಾಗಿ, ಅಗಲವು ವೇಗವನ್ನು ತಿನ್ನುತ್ತದೆ. ಚಲಿಸುವ ದೋಣಿ ಅಲೆಯನ್ನೆಬ್ಬಿಸುತ್ತದೆ; ಆ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ಮುಂದಕ್ಕೆ ಹೋಗಲು ಪಡಬೇಕಾದ ಶ್ರಮ ಬಹಳವಾಗಿ ಹೆಚ್ಚುತ್ತದೆ. 3 ಮೀಟರಿನ ದೋಣಿಗೆ ಈ ವೇಗ ಗಂಟೆಗೆ 7.8 ಕಿಲೋಮೀಟರು, 4.5 ಮೀಟರಿನದಕ್ಕೆ 9.5. ಮೋಟು ದೋಣಿ ತಿರುಗಿಸಲು ಸುಲಭ, ಹೊರಲು ಹಗುರ; ಉದ್ದದ್ದು ಎದುರುಗಾಳಿಯಲ್ಲಿ ಮನೆ ಮುಟ್ಟಿಸುತ್ತದೆ. ಹಿನ್ನೀರಿಗೆ 3ರಿಂದ 3.5 ಮೀಟರು ಸಾಕು. ತೆರೆದ ದಡದ ನೀರಿಗೆ ಸುಮಾರು 4 ಮೀಟರು ಬೇಕು.

ಹತ್ತಲಾಗದ ದೋಣಿ

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಮೊದಲ ವರ್ಷ ಗಾಳಕ್ಕೆ ಸಿಕ್ಕ ಕಾಣೆ ಮೀನನ್ನೆತ್ತಲು ಪಕ್ಕಕ್ಕೆ ಬಾಗಿದೆನು, ಮರುಕ್ಷಣ ನೀರಿನಲ್ಲಿದ್ದೆನು. ನೀರು ಎದೆಮಟ್ಟದ್ದು, ದೋಣಿಯೂ ತೇಲುತ್ತಲೇ ಇತ್ತು. ಆದರೆ ಅದನ್ನು ಮರಳಿ ಹತ್ತಲು ನಾಲ್ಕು ಸಲ ಸೋತೆನು. ಅಲ್ಲಿ ಕಾಲಿಗೆ ನೆಲ ಸಿಗದೆ ಹೋಗಿದ್ದರೆ ಈ ಲೇಖನವನ್ನು ಬರೆಯುವವರು ಬೇರೆ ಯಾರೋ ಆಗುತ್ತಿದ್ದರು. ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು: "ಮಗುಚದ ದೋಣಿ ಯಾವುದು?" ಎಂದಲ್ಲ, "ಮಗುಚಿದ ಮೇಲೆ ನಾನು ಹತ್ತಬಲ್ಲ ದೋಣಿ ಯಾವುದು?" ಎಂದು.

ಈ ದೃಷ್ಟಿಯಿಂದ, ಒಳಗೆ ಕಾಲು ತೂರಿಸಿ ಕೂರುವ ಬಗೆಗಿಂತ ಮೇಲೆ ಕೂರುವ ಬಗೆಯು ಹೊಸಬನಿಗೆ ಹಿತ. ಮೊದಲನೆಯದರ ಒಡಲಿಗೆ ನೀರು ತುಂಬಿದರೆ ಮೊಗೆದು ಹಾಕಬೇಕು. ಎರಡನೆಯದು ಮುಚ್ಚಿದ ಟೊಳ್ಳು. ಕೂರುವ ತಟ್ಟು ನೀರಿನ ಮಟ್ಟಕ್ಕಿಂತ ಮೇಲಿರುವುದರಿಂದ, ಬಿದ್ದ ನೀರು ತೂತುಗಳ ಮೂಲಕ ತಾನೇ ಹೊರಹರಿಯುತ್ತದೆ. ಕೊಂಡ ದಿನವೇ, ಗಾಳ ಕಟ್ಟುವ ಮೊದಲು, ಸೊಂಟಮಟ್ಟದ ನೀರಿನಲ್ಲಿ ಜೊತೆಗಾರನೊಡನೆ ಬೇಕೆಂದೇ ಮಗುಚಿಕೊಳ್ಳಿ. ಕಾಲು ಬಡಿದು ದೋಣಿಗೆ ಅಡ್ಡಲಾಗಿ ಹೊಟ್ಟೆಯ ಮೇಲೆ ಏರಿ, ಹೊರಳಿ ಕುಳಿತು, ಕೊನೆಗೆ ಕಾಲುಗಳನ್ನು ಒಳಕ್ಕೆ ತನ್ನಿ. ನೆಲಕ್ಕೆ ಕಾಲೂರದೆ ಇದನ್ನು ಮಾಡಬಲ್ಲವನು ಮಾತ್ರ ಆಳದ ನೀರಿಗೆ ಅರ್ಹ.

ಅಳಿವೆಯ ಎಚ್ಚರ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಗಾಳಕ್ಕೆ ಪ್ರಶಸ್ತವಾದ ಮುಂಜಾವಿನಲ್ಲಿಯೇ ನೆಲಗಾಳಿಯು ಕಡಲಿನತ್ತ ಬೀಸುತ್ತದೆ. ಅದೇ ಹೊತ್ತಿಗೆ ಇಳಿತವೂ ಸೇರಿದರೆ ಇಕ್ಕಟ್ಟಾದ ಅಳಿವೆಯಲ್ಲಿ ಸೆಳೆತ ಬಲವಾಗುತ್ತದೆ. ಗಂಟೆಗೆ 5 ಕಿಲೋಮೀಟರು ಹುಟ್ಟು ಹಾಕುವವನು 3 ಕಿಲೋಮೀಟರಿನ ಸೆಳೆತದೊಡನೆ ಒಂದು ಕಿಲೋಮೀಟರನ್ನು ಏಳೂವರೆ ನಿಮಿಷದಲ್ಲಿ ಸಾಗುತ್ತಾನೆ. ಹಿಂದಿರುಗಲು ಅವನಿಗೆ ಅರ್ಧ ಗಂಟೆ ಬೇಕು. ಆದುದರಿಂದ ಮೊದಲು ಸೆಳೆತಕ್ಕೆ ಎದುರಾಗಿ ಹೋಗಿ, ದಣಿದ ಮೇಲೆ ಅದರೊಡನೆ ಮರಳುವುದು ಜಾಣತನ. ಲಂಗರನ್ನು ಎಂದೂ ಪಕ್ಕಕ್ಕೆ ಕಟ್ಟಬಾರದು. ಸೆಳೆತವು ದೋಣಿಯನ್ನು ಅಡ್ಡಲಾಗಿ ನಿಲ್ಲಿಸಿ ಕ್ಷಣದಲ್ಲಿ ಮಗುಚುತ್ತದೆ. ಮೂತಿಗೋ ಹಿಂತುದಿಗೋ ಕಟ್ಟಿ, ಹಗ್ಗ ಕತ್ತರಿಸಲು ಚಾಕುವನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಜೀವರಕ್ಷಕ ಜಾಕೀಟು ಮೈಮೇಲಿರಬೇಕು, ದೋಣಿಯೊಳಗಲ್ಲ. ಮಳೆಗಾಲದ ಕಡಲು ಕಯಾಕಿಗೆ ತಕ್ಕುದೇ ಅಲ್ಲ. ಉಳಿದ ತಿಂಗಳುಗಳಲ್ಲಿಯೂ ಭಾರತೀಯ ಸರ್ವೇಕ್ಷಣ ಇಲಾಖೆಯ ಉಬ್ಬರವಿಳಿತದ ಕೋಷ್ಟಕವನ್ನು ನೋಡಿ, ಆ ಅಳಿವೆಯನ್ನು ಬಲ್ಲ ಮೀನುಗಾರರನ್ನು ಕೇಳಿ ಹೊರಡಬೇಕು.

ಅಂಗಡಿಯವನು ಬಣ್ಣವನ್ನೂ ಗಾಳ ಸಿಕ್ಕಿಸುವ ಹಿಡಿಗಳನ್ನೂ ತೋರಿಸುತ್ತಾನೆ. ನೀವು ಅಗಲವನ್ನೂ ಉದ್ದವನ್ನೂ ಅಳೆಯಿರಿ, ಹೊರಬಲ್ಲ ಭಾರವೆಷ್ಟೆಂದು ಕೇಳಿರಿ. ಆಮೇಲೆ ಅದರಿಂದ ಒಮ್ಮೆ ನೀರಿಗೆ ಬಿದ್ದು, ಮತ್ತೆ ಹತ್ತಿ ನೋಡಿರಿ. ಹಣ ಕೊಡುವುದು ಅನಂತರದ ಮಾತು.